ಸೈಕಲ್ ಒಪ್ಪಂದಕ್ಕೆ ಸಹಿ ಹಾಕುವ ಮೊದಲು

ಚಿ. ಸೌ. ಸಿಂಧುಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಉದ್ದನೆಯ ಮೆಸೇಜ್ ಓದಿದೆ. ಸಂಬಳದಿಂದ ತಿಂಗಳು ತಿಂಗಳು ಕಂತು ಹಿಡಿದು ಸೈಕಲ್ ಬಾಡಿಗೆಗೆ ಕೊಡುವ ಆಫೀಸಿನ ಯೋಜನೆಗೆ ಸೇರೋಣವೆಂದರೆ ಅರ್ಜಿ ತೆಗೆದುಕೊಳ್ಳುವ ಅವಧಿ ಮುಗಿದುಹೋಗಿದೆ, ಇನ್ನು ಮುಂದಿನ ವರ್ಷಕ್ಕೇ ಎಂದರಂತೆ. ಸೈಕಲ್ಲಿನ ಬೆಲೆ ಸಾವಿರ ಪೌಂಡ್ ದಾಟುವ ಹಾಗಿಲ್ಲವಂತೆ. ದುಡ್ಡಿನ ಬದಲು ಅಂಗಡಿಗೆ ಕೊಡುವ ಯೋಜನೆಯ ಚೀಟಿ, ಅಂದರೆ ವೋಚರ್, ಅಂದ ಕೂಡಲೇ ಅಂಗಡಿಯವನು ರಿಯಾಯಿತಿ ಬೆಲೆಗೆ ಕೊಡೋಕಾಗಲ್ಲ ಎಂದನಂತೆ. ಕೊನೆಗೆ ಸೈಕಲ್ ಯಾರದ್ದಾಗುತ್ತೆ ಅಂತ ಕೇಳಿದರೆ ಎಚ್‌ಆರ್‌ನವರು ನೆಟ್ಟಗೆ ಉತ್ತರವನ್ನೇ ಕೊಡಲಿಲ್ಲವಂತೆ. ಇಷ್ಟೆಲ್ಲ ಬರೆದು, "ಸಾಕಾಯ್ತು ದೊಡ್ಡಮ್ಮ, ನನಗೆ ಬಸ್ಸೇ ವಾಸಿ" ಅಂತ ಮುಗಿಸಿದ್ದೀಯ.

ನಿನ್ನ ಸಿಟ್ಟು ನ್ಯಾಯವಾದದ್ದೇ ಕಣೇ. ಆದರೆ ಆ ಸಿಟ್ಟಿನಲ್ಲಿ ಸೈಕಲ್ಲನ್ನೇ ಬಿಟ್ಟುಬಿಡಬೇಡ. ಬ್ರಿಟನ್ನಿನಲ್ಲಿ ನನ್ನ ಉದ್ಯೋಗಜೀವನವೆಲ್ಲ ನೌಕರರ ಸಂಬಳದ ಲೆಕ್ಕ ನೋಡುವ ಪೇರೋಲ್ ವಿಭಾಗದಲ್ಲೇ ಕಳೆಯಿತು. ಈ ಅರ್ಜಿಗಳು ನನ್ನ ಮೇಜಿನ ಮೇಲೇ ಹಾದುಹೋಗುತ್ತಿದ್ದವು. ಇದರಲ್ಲಿ ಎಷ್ಟು ಸರ್ಕಾರದ ಕಾನೂನು, ಎಷ್ಟು ಬರೀ ಕಂಪನಿಯವರ ಅನುಕೂಲ ಅನ್ನೋದು ನನಗೆ ಗೊತ್ತು. ಅದನ್ನು ನಿನಗೆ ಬಿಡಿಸಿ ಹೇಳಬೇಕು.

ಈ ಯೋಜನೆಗೆ ಆಧಾರವಾದ ತೆರಿಗೆ ವಿನಾಯಿತಿ ಬಂದದ್ದು 1999ರ ಹಣಕಾಸು ಕಾಯಿದೆಯಲ್ಲಿ. ಕೆಲಸ ಕೊಟ್ಟವರು ನೌಕರರಿಗೆ ಸೈಕಲ್ಲನ್ನೂ ಅದರ ಸುರಕ್ಷತೆಯ ಸಾಮಾನನ್ನೂ ಬಳಸಲು ಕೊಟ್ಟರೆ ಅದಕ್ಕೆ ತೆರಿಗೆ ಹಾಕುವುದಿಲ್ಲ. ಷರತ್ತು ಮೂರು. ಕೊಟ್ಟಿರುವ ಅವಧಿಯಲ್ಲಿ ಸೈಕಲ್ ನೌಕರರ ಸ್ವಂತವಾಗಬಾರದು. ಅದನ್ನು ಮುಖ್ಯವಾಗಿ ಕೆಲಸಕ್ಕೆ ಹೋಗಿಬರಲು ಬಳಸಬೇಕು. ಯೋಜನೆ ಎಲ್ಲ ನೌಕರರಿಗೂ ತೆರೆದಿರಬೇಕು. ಶನಿವಾರ ತರಕಾರಿ ತರೋಕೆ ಹೋದರೆ ಯಾರೂ ಕೇಳುವುದಿಲ್ಲ, ಅರ್ಧಕ್ಕಿಂತ ಹೆಚ್ಚು ಓಡಾಟ ಕೆಲಸದ್ದಾಗಿದ್ದರೆ ಸಾಕು. ವರ್ಷದಲ್ಲಿ ಇಂಥ ಎರಡು ವಾರ ಮಾತ್ರ ಅರ್ಜಿ ಹಾಕಬೇಕು, ಇಂಥ ಅಂಗಡಿಯಲ್ಲೇ ಕೊಳ್ಳಬೇಕು ಅಂತ ಆ ಕಾಯಿದೆಯಲ್ಲಿ ಎಲ್ಲೂ ಇಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನೋದು ಇದಕ್ಕೇ.

ಸಾವಿರ ಪೌಂಡಿನ ಮಿತಿಯೂ ತೆರಿಗೆ ಕಾನೂನಿನದಲ್ಲ. ಸಂಬಳದಿಂದ ಕಂತು ಹಿಡಿದು ಸೈಕಲ್ ಕೊಡುವುದು ಬಾಡಿಗೆ ಒಪ್ಪಂದವಾದ್ದರಿಂದ ಗ್ರಾಹಕ ಸಾಲದ ನಿಯಮಗಳು ಬೀಳುತ್ತವೆ. ಅಂಥ ಒಪ್ಪಂದಕ್ಕೆ ಬೇಕಾದ ಪರವಾನಗಿಯಿಂದ ಬಂದ ಮಿತಿ ಅದು. 2019ರಲ್ಲಿ ಸರ್ಕಾರ ಮಾರ್ಗಸೂಚಿಯನ್ನು ತಿದ್ದಿ, ಹಣಕಾಸು ನಿಯಂತ್ರಕರ ಅನುಮತಿ ಇರುವ ಸಂಸ್ಥೆಯ ಮೂಲಕ ಸಾವಿರಕ್ಕಿಂತ ಹೆಚ್ಚಿನ ಬೆಲೆಯ ಸೈಕಲ್ ಕೊಡಬಹುದು ಎಂದು ಸ್ಪಷ್ಟ ಮಾಡಿತು. ನಿನ್ನ ದಾರಿಯಲ್ಲಿ ಏರು ಜಾಸ್ತಿ, ಎಲೆಕ್ಟ್ರಿಕ್ ಸೈಕಲ್ ಬೇಕು ಅಂತೀಯ. ಮೋಟರ್ 250 ವ್ಯಾಟ್ ಮೀರಬಾರದು, ಗಂಟೆಗೆ 15.5 ಮೈಲಿ ದಾಟಿದ ಮೇಲೆ ಮೋಟರ್ ತಳ್ಳುವುದನ್ನು ನಿಲ್ಲಿಸಬೇಕು. ಈ ಅಳತೆಯೊಳಗಿನದಾದರೆ ಅದೂ ಯೋಜನೆಗೆ ಬರುತ್ತೆ. ಆದರೆ ಸಾವಿರದೊಳಗೆ ನಂಬಿ ಓಡಿಸುವಂಥ ಎಲೆಕ್ಟ್ರಿಕ್ ಸೈಕಲ್ ಸಿಗುವುದು ಕಷ್ಟ. ಹಾಗಾಗಿ ಎಚ್‌ಆರ್‌ನವರಿಗೆ ವಿನಯವಾಗಿಯೇ ಬರೆದು ಕೇಳು: ಈ ಮಿತಿ ನಮ್ಮ ಕಂಪನಿ ಇಟ್ಟುಕೊಂಡಿದ್ದೋ, ಯೋಜನೆ ನಡೆಸುವ ಸಂಸ್ಥೆಯದೋ, ಏರಿಸಲು ಯಾರ ಒಪ್ಪಿಗೆ ಬೇಕು ಅಂತ. ಬಾಯಿಮಾತಲ್ಲಿ ಕೇಳಿದರೆ "ಸರ್ಕಾರದ ರೂಲ್" ಅನ್ನೋ ಉತ್ತರವೇ ಬರುತ್ತೆ. ಇಮೇಲ್‌ನಲ್ಲಿ ಕೇಳಿದರೆ ಉತ್ತರ ಬರೆಯುವವರು ಒಮ್ಮೆ ಕಡತ ತೆಗೆದು ನೋಡಲೇಬೇಕಾಗುತ್ತೆ.

ಈಗ ದುಡ್ಡಿನ ಮಾತು. ಪೋಸ್ಟರಿನಲ್ಲಿ "ಶೇ. 42ರವರೆಗೆ ಉಳಿತಾಯ" ಅಂತ ದೊಡ್ಡಕ್ಷರದಲ್ಲಿ ಹಾಕಿರ್ತಾರೆ. ಅದು ಶೇ. 40 ತೆರಿಗೆ, ಶೇ. 2 ನ್ಯಾಷನಲ್ ಇನ್ಶೂರೆನ್ಸ್ (ಸಂಬಳದಿಂದ ಹಿಡಿಯುವ ಸರ್ಕಾರಿ ವಿಮೆಯ ಕಂತು) ಕಟ್ಟುವ ದೊಡ್ಡ ಸಂಬಳದವರ ಲೆಕ್ಕ. ನಿನ್ನದು ಶೇ. 20 ಮತ್ತು ಶೇ. 8, ಒಟ್ಟು 28. ನಿಮ್ಮವರು ಆ ಮಿತಿ ಏರಿಸಿದರು, ಸೈಕಲ್ 1,200 ಪೌಂಡ್, ಹನ್ನೆರಡು ತಿಂಗಳ ಕಂತು ಅಂತಿಟ್ಟುಕೋ. ತಿಂಗಳಿಗೆ 100 ಪೌಂಡ್ ತೆರಿಗೆಗೆ ಮೊದಲೇ ಕಡಿತವಾಗುತ್ತೆ, ಕೈಗೆ ಬರುವ ಸಂಬಳ 72 ಪೌಂಡ್ ಮಾತ್ರ ಕಮ್ಮಿಯಾಗುತ್ತೆ. ವರ್ಷಕ್ಕೆ 864 ಕೊಟ್ಟೆ, 336 ಉಳಿಯಿತು. ಪೋಸ್ಟರಿನ ಲೆಕ್ಕ ಇಲ್ಲಿಗೇ ನಿಂತುಬಿಡುತ್ತೆ.

ಆದರೆ ಆ ಹೊತ್ತಿಗೂ ಸೈಕಲ್ ನಿನ್ನದಲ್ಲ. ನೀನು ಒಂದು ವರ್ಷ ಬಾಡಿಗೆ ಕೊಟ್ಟಿದ್ದೀಯ, ಅಷ್ಟೇ. ಅದನ್ನು ಸ್ವಂತ ಮಾಡಿಕೊಳ್ಳಬೇಕಾದರೆ ಆಗಿನ ಮಾರುಕಟ್ಟೆ ಬೆಲೆ ಕೊಡಬೇಕು. ತೆರಿಗೆ ಇಲಾಖೆ ಇದಕ್ಕೊಂದು ಪಟ್ಟಿ ಇಟ್ಟಿದೆ. 500 ಪೌಂಡ್‌ಗಿಂತ ಹೆಚ್ಚಿನ ಸೈಕಲ್ಲಿಗೆ ಒಂದು ವರ್ಷ ಆದಾಗ ಮೂಲ ಬೆಲೆಯ ಶೇ. 25, ಎರಡು ವರ್ಷಕ್ಕೆ 17, ಮೂರು ವರ್ಷಕ್ಕೆ 12, ನಾಲ್ಕು ವರ್ಷಕ್ಕೆ 7. ವರ್ಷ ತುಂಬಿದ ಕೂಡಲೇ ಕೊಂಡುಕೊಂಡೆಯೋ, 300 ಪೌಂಡ್ ತೆರಬೇಕು. ನಿನ್ನ 336ರ ಉಳಿತಾಯದಲ್ಲಿ ಉಳಿಯೋದು 36. ಅದಕ್ಕೇ ಹೆಚ್ಚಿನ ಕಡೆ ಬಾಡಿಗೆಯನ್ನು ಇನ್ನೂ ಮೂರು ವರ್ಷ ಮುಂದುವರಿಸುವ ದಾರಿ ಇರುತ್ತೆ. ಶೇ. 7ರಷ್ಟು ಡಿಪಾಸಿಟ್, ಅಂದರೆ 84 ಪೌಂಡ್, ಒಂದೇ ಸಲ ಕಟ್ಟಿದರೆ ಆಮೇಲೆ ತಿಂಗಳ ಕಂತಿಲ್ಲ. ನಾಲ್ಕು ವರ್ಷ ತುಂಬಿದಾಗ ಆ ಡಿಪಾಸಿಟ್ಟೇ ಬೆಲೆಯಾಗಿ ಸೈಕಲ್ ನಿನ್ನದಾಗುತ್ತೆ. ಒಟ್ಟು 948 ಕೊಟ್ಟು 252 ಉಳಿಸಿದ ಹಾಗಾಯ್ತು. ಅದು ಒಳ್ಳೆಯ ಉಳಿತಾಯವೇ, ನಾನು ಬೇಡ ಅನ್ನೋದಿಲ್ಲ. ಎರಡು ದಾರಿಗಳ ನಡುವೆ ಎಷ್ಟು ಅಂತರ ಅನ್ನೋದನ್ನು ನೀನು ನೋಡಬೇಕು, ಅದಕ್ಕೇ ಇಷ್ಟು ಬಿಡಿಸಿದ್ದು.

ಸೈಕಲ್ ಕೊನೆಗೆ ಯಾರದ್ದು ಅಂದಾಗ ಎಚ್‌ಆರ್ ಹುಡುಗಿ ತಡವರಿಸಿದಳು ಅಂದೆಯಲ್ಲ, ಅವಳ ಮೇಲೆ ಬೇಜಾರು ಮಾಡಿಕೊಳ್ಳಬೇಡ. ಕೊನೆಗೆ ಇದು ನಿನ್ನದೇ ಅಂತ ಮೊದಲೇ ಬರೆದುಕೊಟ್ಟರೆ ಅದು ಬಾಡಿಗೆಯಾಗಿ ಉಳಿಯೋದಿಲ್ಲ, ತೆರಿಗೆ ವಿನಾಯಿತಿಯೇ ಹೋಗುತ್ತೆ. ಆದ್ದರಿಂದ ಅವರು ಭರವಸೆ ಕೊಡುವ ಹಾಗಿಲ್ಲ. ಅವಳನ್ನು ಬೇರೆ ಥರ ಕೇಳು: ಈ ಹಿಂದೆ ಸೇರಿದವರಿಗೆ ಅವಧಿ ಮುಗಿದಾಗ ಏನೇನು ಆಯ್ಕೆ ಕೊಟ್ಟಿದ್ದಿರಿ, ಎಷ್ಟು ಕಟ್ಟಿಸಿಕೊಂಡಿರಿ ಅಂತ. ಆಗಿಹೋದದ್ದನ್ನು ಹೇಳೋಕೆ ಅಡ್ಡಿಯಿಲ್ಲ. ನಿನ್ನ ಜೊತೆಯವರಲ್ಲೂ ಯಾರಾದರೂ ಸೈಕಲ್ ತಗೊಂಡವರಿದ್ದರೆ ಅವರ ಕೊನೆಯ ಪತ್ರ ತೋರಿಸಲು ಕೇಳು.

ಇನ್ನೊಂದು ಮಾತು, ಮನಸ್ಸಿಟ್ಟು ಓದು. ಕಂತು ಮುಗಿಯುವ ಮೊದಲು ಕೆಲಸ ಬಿಟ್ಟರೆ, ಅಥವಾ ಅವರೇ ತೆಗೆದರೂ, ಉಳಿದ ಬಾಡಿಗೆಯೆಲ್ಲ ಕೊನೆಯ ಸಂಬಳದಿಂದ ಒಟ್ಟಿಗೆ ಹೋಗುತ್ತೆ. ಅದೂ ತೆರಿಗೆ ಕಳೆದು ಉಳಿದ ದುಡ್ಡಿನಿಂದ. ಐದು ತಿಂಗಳಿಗೆ ಬಿಟ್ಟೆ ಅಂದುಕೋ, ಮಿಕ್ಕ 700 ಪೌಂಡ್ ಪೂರ್ತಿ ನಿನ್ನ ಕೈಯಿಂದ. ಕೆಲಸ ಹೋದ ತಿಂಗಳಲ್ಲೇ ಇಷ್ಟು ದೊಡ್ಡ ಕಡಿತವಾದ ಪೇಸ್ಲಿಪ್ ಹಿಡಿದು ಬಂದವರನ್ನು ನಾನು ನೋಡಿದ್ದೇನೆ. ಅವರಿಗೆ ಹೇಳೋಕೆ ನನ್ನಲ್ಲಿ ಏನೂ ಇರುತ್ತಿರಲಿಲ್ಲ, ಸಹಿ ಅವರದೇ ಇರುತ್ತಿತ್ತು. ನೀನು ಬೇರೆ ಕೆಲಸ ಹುಡುಕುತ್ತಿದ್ದೀಯ ಅಂತ ನಿಮ್ಮಮ್ಮ ಹೇಳಿದಳು. ಅದು ನಿಜವಾದರೆ ಈ ವರ್ಷ ಈ ಯೋಜನೆಗೆ ಕೈ ಹಾಕಬೇಡ.

ನೀವಿಬ್ಬರೂ ಮಗುವಿನ ಯೋಚನೆ ಮಾಡಿದ್ದರೆ ಅದನ್ನೂ ಲೆಕ್ಕಕ್ಕೆ ತಗೋ. ನಾನು ಕೇಳುತ್ತಿಲ್ಲ, ಪೇರೋಲ್‌ನಲ್ಲಿ ಇದ್ದವಳಾಗಿ ಹೇಳುತ್ತಿದ್ದೇನೆ. ಹೆರಿಗೆ ರಜೆಯ ಮೊದಲ ಆರು ವಾರ ಸಿಗುವ ಶಾಸನಬದ್ಧ ವೇತನ ನಿನ್ನ ಸರಾಸರಿ ಸಂಬಳದ ಶೇ. 90. ಆ ಸರಾಸರಿ ತೆಗೆಯುವುದು ರಜೆಗೆ ಮುಂಚೆ ಕಾನೂನು ಗೊತ್ತುಮಾಡಿದ ಸುಮಾರು ಎಂಟು ವಾರಗಳ ಸಂಬಳದಿಂದ. ಸೈಕಲ್ ಕಂತು ಕಡಿದ ಮೇಲಿನ ಸಂಬಳವೇ ಅಲ್ಲಿ ಲೆಕ್ಕಕ್ಕೆ ಬರುತ್ತೆ. ಪಿಂಚಣಿಗೆ ಯಾವ ಸಂಬಳ ಹಿಡಿಯುತ್ತಾರೆ ಅನ್ನೋದು ಕಂಪನಿಯಿಂದ ಕಂಪನಿಗೆ ಬೇರೆ, ಅದನ್ನೂ ಕೇಳಿಟ್ಟುಕೋ.

ಅಂಗಡಿಯವನ ವಿಷಯಕ್ಕೆ ಬರೋಣ. ಅವನು ಮೋಸಗಾರನಲ್ಲ. ವೋಚರ್ ತಗೊಂಡರೆ ಯೋಜನೆ ನಡೆಸುವ ಸಂಸ್ಥೆ ಅವನಿಗೆ ಕಮಿಷನ್ ಮುರಿದುಕೊಂಡು ದುಡ್ಡು ಕೊಡುತ್ತೆ. ಬೆಲೆ ಇಳಿಸಿದ ಸೈಕಲ್ಲಿನಲ್ಲಿ ಅವನಿಗೆ ಉಳಿಯುವುದೇ ಸ್ವಲ್ಪ, ಅದರಲ್ಲೂ ಕಮಿಷನ್ ಹೋದರೆ ಸಣ್ಣ ಅಂಗಡಿ ನಡೆಯುವುದು ಹೇಗೆ? ಒಂದು ಕೆಲಸ ಮಾಡು. ವೋಚರ್ ಮಾತೆತ್ತದೆ ಅದೇ ಸೈಕಲ್ಲಿನ ರಿಯಾಯಿತಿ ಬೆಲೆ ಎಷ್ಟು ಅಂತ ವಿಚಾರಿಸು. ಆ ಬೆಲೆಗೂ ವೋಚರಿನಲ್ಲಿ ಕೊನೆಗೆ ಬೀಳುವ ಒಟ್ಟು ಮೊತ್ತಕ್ಕೂ ಹೋಲಿಸು. ಚಳಿಗಾಲದಲ್ಲಿ ಕಳೆದ ವರ್ಷದ ಮಾಡೆಲ್‌ಗಳಿಗೆ ಕಾಲು ಭಾಗ ಬೆಲೆ ಬಿಟ್ಟಿದ್ದರೆ ನಗದು ಕೊಟ್ಟು ತಂದುಬಿಡು. ಸೈಕಲ್ ಅದೇ ದಿನ ನಿನ್ನದು, ಯಾವ ಒಪ್ಪಂದವೂ ಇಲ್ಲ. ವೋಚರಿನಲ್ಲೇ ಕೊಳ್ಳುವುದಾದರೆ ಬೀಗ, ದೀಪ, ಮಡ್‌ಗಾರ್ಡ್, ಹಿಂದಿನ ಕ್ಯಾರಿಯರ್ ಎಲ್ಲ ಅದರಲ್ಲೇ ಸೇರಿಸು, ಆಮೇಲೆ ಸೇರಿಸೋಕಾಗಲ್ಲ. ಬೀಗದಲ್ಲಿ ಜಿಪುಣತನ ಬೇಡ. ಸೈಕಲ್ ಕಳುವಾದರೂ ಕಂತು ನಿಲ್ಲುವುದಿಲ್ಲ, ಬಾಡಿಗೆ ವಸ್ತುವಿಗೆ ಜವಾಬ್ದಾರಿ ನಿನ್ನದೇ. ಮನೆಯ ವಿಮೆಯವರಿಗೆ ಫೋನ್ ಮಾಡಿ, ಹೊರಗೆ ನಿಲ್ಲಿಸಿದ, ಬೇರೆಯವರ ಹೆಸರಿನ ಸೈಕಲ್ಲಿಗೆ ಪಾಲಿಸಿ ಅನ್ವಯಿಸುತ್ತಾ ಅಂತ ಬಾಯಿಬಿಟ್ಟು ಕೇಳು. ಫ್ರೇಮ್ ನಂಬರಿನ ಫೋಟೋ ತೆಗೆದಿಡು.

ನನಗೆ ಈ ಯೋಜನೆಯಲ್ಲಿ ನಿಜವಾಗಿ ಹೊಟ್ಟೆ ಉರಿಯುವುದು ಬೇರೆ ಕಡೆ. ನಾನಿದ್ದ ಒಂದು ಕಂಪನಿಯಲ್ಲಿ ಕ್ಲೀನಿಂಗ್ ಕೆಲಸದ ಹೆಂಗಸೊಬ್ಬಳು ಅರ್ಜಿ ಹಿಡಿದು ಬಂದಳು. ಅವಳ ಪಾಳಿ ಮೊದಲ ಬಸ್ಸು ಬರುವ ಮುಂಚೆಯೇ ಶುರುವಾಗುತ್ತಿತ್ತು, ಕತ್ತಲಲ್ಲಿ ನಡೆದೇ ಬರುತ್ತಿದ್ದಳು. ಕ್ಯಾಟಲಾಗಿನ ಒಂದು ಹಾಳೆ ಹರಿದು ನಾಲ್ಕು ಮಡಿಕೆ ಮಾಡಿಟ್ಟುಕೊಂಡಿದ್ದಳು. ಕಾಲೆತ್ತದೆ ಹತ್ತಬಹುದಾದ ತಗ್ಗು ಫ್ರೇಮಿನ ಸೈಕಲ್, ಮುಂದೆ ಬುಟ್ಟಿ; ಅದರ ಸುತ್ತ ನೀಲಿ ಪೆನ್ನಿನಲ್ಲಿ ಗುಂಡು ಸುತ್ತಿದ್ದಳು. ವಿವರ ತುಂಬಿದೆ, ಅರ್ಜಿ ತಿರಸ್ಕಾರವಾಯಿತು. ಕಂತು ಕಡಿದರೆ ಅವಳ ಸಂಬಳ ಕನಿಷ್ಠ ವೇತನಕ್ಕಿಂತ ಕೆಳಗಿಳಿಯುತ್ತಿತ್ತು, ಕಾನೂನು ಅದಕ್ಕೆ ಬಿಡುವುದಿಲ್ಲ. ಕನಿಷ್ಠ ವೇತನ ಕಾಯುವ ಆ ನಿಯಮ ತಪ್ಪಲ್ಲ, ಅದು ಇರಲೇಬೇಕು. ಆದರೆ ಅದೇ ವಾರ, ಕಾರಿನಲ್ಲಿ ಓಡಾಡುವ ಮ್ಯಾನೇಜರ್ ಒಬ್ಬರ ಅರ್ಜಿ ಶೇ. 42 ಉಳಿತಾಯದೊಂದಿಗೆ ನನ್ನ ಕೈಯಿಂದಲೇ ಪಾಸಾಯಿತು. ಸಂಬಳ ಹೆಚ್ಚಿದ್ದಷ್ಟೂ ಹೆಚ್ಚು ಸಹಾಯ, ಸೈಕಲ್ ಬಿಟ್ಟರೆ ಗತಿಯಿಲ್ಲದವರಿಗೆ ಏನೂ ಇಲ್ಲ. ದಿನವಿಡೀ ಸೈಕಲ್ ಮೇಲೆ ಊಟ ಹೊತ್ತು ತಿರುಗುವ ಡೆಲಿವರಿ ಹುಡುಗರನ್ನು ಸ್ವಂತ ಉದ್ಯೋಗಿಗಳೆಂದು ಲೆಕ್ಕ ಹಿಡಿಯುವುದರಿಂದ ಅವರಿಗೂ ಈ ಯೋಜನೆ ಇಲ್ಲ.

ಕಂಪನಿಯವರಿಗೆ ಮನಸ್ಸಿದ್ದರೆ ದಾರಿ ಇದೆ ಸಿಂಧು. ಸಂಬಳ ಮುಟ್ಟದೆ ತಾವೇ ನಾಲ್ಕು ಸೈಕಲ್ ಕೊಂಡು ನೌಕರರಿಗೆ ಬಳಸಲು ಕೊಡಬಹುದು, ಅದಕ್ಕೂ ಅದೇ ತೆರಿಗೆ ವಿನಾಯಿತಿ ಇದೆ. ಇಲ್ಲವೇ ಬಡ್ಡಿಯಿಲ್ಲದ ಸಾಲ ಕೊಡಬಹುದು. ನೌಕರರ ಮೇಲಿರುವ ಅಂಥ ಸಾಲ ಒಟ್ಟು 10,000 ಪೌಂಡ್ ದಾಟದಿದ್ದರೆ ಅದಕ್ಕೆ ತೆರಿಗೆ ಬೀಳುವುದಿಲ್ಲ. ರೈಲಿನ ವರ್ಷದ ಪಾಸಿಗೆ ಎಷ್ಟೋ ಕಂಪನಿಗಳು ಹೀಗೇ ಸಾಲ ಕೊಡುತ್ತವೆ. ನೀನು ಇಂಗ್ಲಿಷಿನಲ್ಲಿ ಚೆನ್ನಾಗಿ ಬರೀತೀಯ, ಸಭೆಯಲ್ಲಿ ಎದ್ದು ಮಾತಾಡೋಕೆ ಹೆದರುವವಳಲ್ಲ. ಮುಂದಿನ ಸಿಬ್ಬಂದಿ ಸಭೆಯಲ್ಲಿ ನಿನ್ನ ಸಾವಿರ ಪೌಂಡಿನ ಮಿತಿಯ ಜೊತೆಗೆ ಇದನ್ನೂ ಕೇಳು. ನಿಮ್ಮ ಮಹಡಿಯನ್ನು ಬೆಳಗಿನ ಜಾವ ಒರೆಸಿ ಹೋಗುವವರು ಆ ಸಭೆಗೆ ಬರುವುದಿಲ್ಲ.

ಮುಂದಿನ ಅರ್ಜಿಯ ಅವಧಿಯವರೆಗೆ ಬಸ್ಸಿಗೆ ಕಾಯುತ್ತ ಕೂರಬೇಡ. ಒಂದು ಹಳೆಯ ಸೈಕಲ್ ತಗೊಂಡು, ರಿಪೇರಿಯವನಿಂದ ಬ್ರೇಕು, ಚೈನು, ಟೈರು ಸರಿ ಮಾಡಿಸಿ ಓಡಿಸು. ಯಾರು ಮಾರುತ್ತಿದ್ದಾರೆ, ಕಳವಿನ ಮಾಲಲ್ಲ ತಾನೇ ಅಂತ ಫ್ರೇಮ್ ನಂಬರ್ ಹಾಕಿ ನೋಡಿಕೊಂಡೇ ತಗೋ. ಮಳೆಯಲ್ಲಿ, ಗಾಳಿಯಲ್ಲಿ ಒಂದು ಚಳಿಗಾಲ ಓಡಿಸಿದರೆ ನಿನಗೆ ಮೋಟರ್ ಬೇಕೋ ಬೇಡವೋ, ಬ್ಯಾಗು ಎಲ್ಲಿ ಕಟ್ಟಬೇಕು, ಯಾವ ರಸ್ತೆ ಬಿಟ್ಟು ಯಾವ ರಸ್ತೆ ಹಿಡಿಯಬೇಕು ಎಲ್ಲ ತಿಳಿಯುತ್ತೆ. ಆಮೇಲೆ ಅಂಗಡಿಗೆ ಹೋದರೆ ನೀನೇ ಅವನಿಗೆ ಹೇಳುವ ಹಾಗಿರ್ತೀಯ.

ಅರ್ಜಿ ಹಾಕುವ ಕಾಲ ಬಂದಾಗ ಬಾಡಿಗೆ ಒಪ್ಪಂದದ ಎಲ್ಲ ಪುಟಗಳನ್ನೂ ನನಗೆ ಕಳಿಸು, ಸಹಿ ಹಾಕುವ ಮೊದಲು. ಅವಧಿ ಮುಗಿದ ಮೇಲೆ ಏನು, ಕೆಲಸ ಬಿಟ್ಟರೆ ಏನು, ಕಳುವಾದರೆ ಏನು, ಈ ಮೂರು ಕಡೆ ನಾನು ಗುರುತು ಹಾಕಿ ವಾಪಸ್ ಕಳಿಸ್ತೀನಿ. ನಿನ್ನ ಗಂಡನಿಗೂ ನನ್ನ ಆಶೀರ್ವಾದ ತಿಳಿಸು.

ಇತಿ,
ನಿನ್ನ ದೊಡ್ಡಮ್ಮ