ರೂಪಾಯಿ ಒತ್ತಬೇಡಿ ಅಂತ ಯಾರೂ ಹೇಳಲಿಲ್ಲ

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಭಾನುವಾರದ ಪುರವಣಿಯ ಕೊನೇ ಪುಟದಲ್ಲಿ ಥಾಯ್ಲೆಂಡಿನ ಬ್ಯಾಂಕಾಕ್, ಪಟ್ಟಾಯ ಪ್ರವಾಸದ ಜಾಹೀರಾತು ಬರುತ್ತಲ್ಲ, ಅದನ್ನು ನೋಡಿಯೇ ಹೋದ ವರ್ಷ ನಾವು ಹಾಸನದಿಂದ 22 ಜನ ಹೊರಟಿದ್ದು. ಹೋಟೆಲು, ಬಸ್ಸು, ನಮ್ಮ ಕಡೆ ಊಟ ಎಲ್ಲಾ ಸೇರಿ ಇಷ್ಟು ಅಂತ ಬರೆದಿತ್ತು. ಸುಳ್ಳೇನಿರಲಿಲ್ಲ, ಬೆಳಗ್ಗೆ ಉಪ್ಪಿಟ್ಟೂ ಸಿಕ್ಕಿತು. ನನ್ನ ತಕರಾರು ಪ್ರವಾಸದವರ ಮೇಲಲ್ಲ. ಅಲ್ಲಿ ಎಟಿಎಂ ಮುಂದೆ ನಿಂತು ನಾವು ಕಳೆದುಕೊಂಡ ದುಡ್ಡಿನ ಬಗ್ಗೆ ಈ ಪತ್ರ. ಹೊರಡುವ ಮುಂಚೆ ಇಲ್ಲಿ ಯಾವ ಬ್ಯಾಂಕೂ ಅದರ ಬಗ್ಗೆ ಒಂದು ಮಾತು ಹೇಳಲಿಲ್ಲ. ನಾನು 31 ವರ್ಷ ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡಿದವಳು, ಅದರಲ್ಲೂ ಶೇಕಡಾ ಲೆಕ್ಕ ಅಂದರೆ ನನಗೆ ಬಾಯಿಪಾಠ. ಆ ಶೇಕಡಾ ಲೆಕ್ಕದಲ್ಲೇ ಏಮಾರಿದ್ದು ಹೆಚ್ಚು ಬೇಜಾರು.

ಮೊದಲನೇ ದಿನವೇ ನಮ್ಮ ಯಜಮಾನರ ಕಾರ್ಡು ನಡೆಯಲಿಲ್ಲ. ಹಾಕಿದರು, ವಾಪಸ್ ಬಂತು, ಒರೆಸಿ ಮತ್ತೆ ಹಾಕಿದರು, ಮತ್ತೆ ವಾಪಸ್. ತಪ್ಪು ಕಾರ್ಡಿನದಲ್ಲ. 2020ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ಒಂದು ಆದೇಶ ಹೊರಡಿಸಿತ್ತು. ಹೊಸದಾಗಿ ಕೊಡುವ ಕಾರ್ಡು ಭಾರತದೊಳಗಿನ ಎಟಿಎಂ ಮತ್ತು ಅಂಗಡಿಯ ಸ್ವೈಪ್ ಮಷೀನಿನಲ್ಲಿ ಮಾತ್ರ ನಡೆಯಬೇಕು, ವಿದೇಶದಲ್ಲಿ ಬೇಕು ಅನ್ನುವವರು ತಾವೇ ಆನ್ ಮಾಡಿಕೊಳ್ಳಬೇಕು ಅಂತ. ಒಳ್ಳೇ ನಿಯಮವೇ, ನನ್ನ ವಿರೋಧವಿಲ್ಲ. ಆದರೆ ಆನ್ ಮಾಡೋದನ್ನು ಊರಲ್ಲೇ ಮಾಡಿಕೊಂಡು ಬರಬೇಕು ಅಂತ ನಮಗೆ ಗೊತ್ತಾಗಿದ್ದು ಬ್ಯಾಂಕಾಕಿನ ಹೋಟೆಲಿನಲ್ಲಿ. ಇವರ ಸಿಮ್ಮಿಗೆ ರೋಮಿಂಗ್ ಹಾಕಿಸಿರಲಿಲ್ಲ, ವೈಫೈ ಇದೆಯಲ್ಲ ಸಾಕು ಅಂದಿದ್ದರು. ವೈಫೈನಲ್ಲಿ ಆಪ್ ಏನೋ ತೆರೆಯಿತು, ಓಟಿಪಿ ಮಾತ್ರ ಬರಲಿಲ್ಲ. ಎಸ್ಸೆಮ್ಮೆಸ್ಸು ವೈಫೈನಲ್ಲಿ ಬರುತ್ತಾ? ಪುಣ್ಯಕ್ಕೆ ನನ್ನ ಫೋನಿಗೆ ರೋಮಿಂಗ್ ಇತ್ತು, ನನ್ನ ಕಾರ್ಡು ಆನ್ ಆಯಿತು, ಅಲ್ಲಿಂದ ಮುಂದೆ ಮನೆಯ ಖಜಾಂಚಿ ನಾನೇ ಆದೆ.

ಆಮೇಲೆ ಪಟ್ಟಾಯ. ರಾತ್ರಿ ಊಟ ಮುಗಿಸಿ ಸೆವೆನ್ ಇಲೆವೆನ್ ಅಂಗಡಿಯ ಹೊರಗಿದ್ದ ಎಟಿಎಂ ಹತ್ತಿರ ಹೋದೆವು. ಇವರು, "ಜಾಸ್ತಿ ತೆಗೀಬೇಡ, ಜೇಬುಗಳ್ಳರಿರ್ತಾರೆ, ಬೇಕಾದಾಗ ಒಂದೊಂದು ಸಾವಿರ ತಗೊಂಡ್ರಾಯ್ತು" ಅಂದರು. ಊರಲ್ಲಿ ಆ ಬುದ್ಧಿ ಸರಿ. ನಾನೂ ಹೂಂ ಅಂತ 1,000 ಬಾಟ್ (ಅಲ್ಲಿನ ದುಡ್ಡು) ತೆಗೆದೆ, ಮಾರನೇ ದಿನ 1,000, ಅದರ ಮಾರನೇ ದಿನ ಇನ್ನೊಂದು. ನಾವು ಹೋದಾಗ ಥಾಯ್ಲೆಂಡಿನಲ್ಲಿ ಹೊರದೇಶದ ಕಾರ್ಡು ಹಾಕಿದರೆ ಒಂದು ಸಲಕ್ಕೆ 220 ಬಾಟ್ ಅಲ್ಲಿನ ಎಟಿಎಂನವರೇ ಹಿಡಿದುಕೊಳ್ಳುತ್ತಿದ್ದರು. ಸಾವಿರ ತೆಗೆದರೂ 220, ಹತ್ತು ಸಾವಿರ ತೆಗೆದರೂ 220. ಪರದೆ ಮೇಲೆ ಬರುತ್ತೆ, ಇಲ್ಲ ಅನ್ನಲ್ಲ, ಹಿಂದೆ ಜನ ಸಾಲು ನಿಂತಿರುವಾಗ ಓದೋರ್ಯಾರು? ಅದು ಸಾಲದು ಅಂತ ಇಲ್ಲಿ ನಮ್ಮ ಬ್ಯಾಂಕು ಪ್ರತಿ ಸಲಕ್ಕೆ 125 ರೂಪಾಯಿ ಮತ್ತು ಅದರ ಮೇಲೆ 18% ಜಿಎಸ್‌ಟಿ ಹಾಕಿದೆ. ಅದೂ ಸಾಲದು ಅಂತ ಕರೆನ್ಸಿ ಬದಲಾಯಿಸಿದ್ದಕ್ಕೆ 3.5% ಮಾರ್ಕಪ್ (ಅಂದರೆ ದರದ ಮೇಲೆ ಬ್ಯಾಂಕು ಸೇರಿಸುವ ಹೆಚ್ಚುವರಿ ದುಡ್ಡು), ಮಾರ್ಕಪ್ಪಿನ ಮೇಲೆ ಮತ್ತೆ ಜಿಎಸ್‌ಟಿ, ಅಲ್ಲಿಗೆ 4.13%.

ಊರಿಗೆ ಬಂದು ಸ್ಟೇಟ್‌ಮೆಂಟ್ ಮುಂದಿಟ್ಟುಕೊಂಡು ಲೆಕ್ಕ ಹಾಕಿದೆ. ಬಾಟ್‌ಗೆ 2.60 ರೂಪಾಯಿ ಹಿಡಿದರೆ ನಮ್ಮ ಕೈಗೆ ಬಂದ 3,000 ಬಾಟ್ ಅಂದರೆ 7,800 ರೂಪಾಯಿ. ಅಲ್ಲಿನವರ ಶುಲ್ಕ 1,716, ನಮ್ಮ ಬ್ಯಾಂಕಿನದು 442.50, ಮಾರ್ಕಪ್ ಸುಮಾರು 393. ಒಟ್ಟು 2,550ರ ಹತ್ತಿರ. 7,800 ರೂಪಾಯಿ ತೆಗೆಯೋಕೆ 2,550 ರೂಪಾಯಿ, ಹತ್ತಿರ ಹತ್ತಿರ ಮೂರನೇ ಒಂದು ಪಾಲು! ಇವರು ಹೆದರಿಕೊಂಡಿದ್ದ ಆ ಜೇಬುಗಳ್ಳ ಬಂದಿದ್ದರೂ ಇಷ್ಟು ಅಚ್ಚುಕಟ್ಟಾಗಿ ತೆಗೀತಿರಲಿಲ್ಲವೇನೋ.

ಇನ್ನು ರೂಪಾಯಿ ವಿಷಯಕ್ಕೆ ಬರುತ್ತೇನೆ, ನಾನು ಬರೆಯಬೇಕು ಅಂತ ಕೂತಿದ್ದೇ ಇದಕ್ಕೆ. ಮೂರು ಸಲ ಪುಡಿ ಪುಡಿ ತೆಗೆದು ಬುದ್ಧಿ ಬಂದ ಮೇಲೆ, ಕೊನೆಗೆ ಸೀರೆ, ಆಟದ ಸಾಮಾನು, ಬಂಧುಗಳಿಗೆ ಅದೂ ಇದೂ ತಗೊಳ್ಳೋಕೆ ಅಂತ ಒಂದೇ ಸಲ 10,000 ಬಾಟ್ ತೆಗೆಯಲು ಹೋದೆ. ಪಿನ್ ಒತ್ತಿದೆ, 220 ಬಾಟ್‌ಗೆ ಒಪ್ಪಿದೆ. ಆಮೇಲೆ ಇನ್ನೊಂದು ಪರದೆ ಬಂತು. ನಿಮ್ಮ ಖಾತೆಯಿಂದ ಇಷ್ಟು ರೂಪಾಯಿ ಹೋಗುತ್ತೆ, ದರ ಬಾಟ್‌ಗೆ 2.80, ಒಂದು ಕಡೆ ವಿತ್ ಕನ್ವರ್ಷನ್ (ರೂಪಾಯಿಗೆ ಬದಲಾಯಿಸಿ), ಇನ್ನೊಂದು ಕಡೆ ವಿಥೌಟ್ ಕನ್ವರ್ಷನ್ (ಬದಲಾಯಿಸದೆ). ಪರದೇಶದಲ್ಲಿ ನಿಂತವಳಿಗೆ ನಮ್ಮ ರೂಪಾಯಿ ಗುರುತು ಕಂಡರೆ ನೆಂಟರ ಮುಖ ಕಂಡ ಹಾಗೆ ಆಗುತ್ತೆ, ಅಲ್ವಾ? ಜತೆಗೆ ವಿಥೌಟ್ ಒತ್ತಿದರೆ ದುಡ್ಡೇ ಬರಲ್ಲವೇನೋ ಅಂತ ಅಳುಕು. ವಿತ್ ಒತ್ತಿಬಿಟ್ಟೆ. 28,616 ರೂಪಾಯಿ ಹೋಯಿತು.

ಎರಡು ದಿನ ಬಿಟ್ಟು ನಮ್ಮ ಗುಂಪಿನಲ್ಲಿದ್ದ ಒಬ್ಬರು, ನನ್ನ ಹಳೇ ವಿದ್ಯಾರ್ಥಿಯ ತಂದೆ, ಅಷ್ಟೇ ಬಾಟ್ ತೆಗೆಯುವಾಗ ಅವರ ಮಗ ಫೋನಿನಲ್ಲಿ, "ಅಪ್ಪಾ, ಕನ್ವರ್ಷನ್ ಬೇಡ ಅನ್ನೋದನ್ನೇ ಒತ್ತು" ಅಂತ ಹೇಳಿಕೊಟ್ಟನಂತೆ. ಅವರ ಬ್ಯಾಂಕು ಆ ದಿನದ ದರ 2.60 ಹಾಕಿ, ಮೇಲೆ 4.13% ಹಾಕಿದರೂ 27,669 ರೂಪಾಯಿ ಚಿಲ್ಲರೆ ಆಯಿತು. ನನ್ನದಕ್ಕಿಂತ ಹೆಚ್ಚೂ ಕಡಿಮೆ 950 ರೂಪಾಯಿ ಕಡಿಮೆ. ಸರಳವಾಗಿ ಹೇಳಬೇಕು ಅಂದರೆ ವಿತ್ ಒತ್ತಿದರೆ ಬದಲಾಯಿಸುವ ದರವನ್ನು ಆ ಮಷೀನಿನವರು ನಿಗದಿ ಮಾಡುತ್ತಾರೆ, ವಿಥೌಟ್ ಒತ್ತಿದರೆ ಕಾರ್ಡಿನ ಜಾಲ (ವೀಸಾ, ಮಾಸ್ಟರ್‌ಕಾರ್ಡ್ ಥರದ್ದು) ಮತ್ತು ನಮ್ಮ ಬ್ಯಾಂಕು ನಿಗದಿ ಮಾಡುತ್ತವೆ. ವಿಥೌಟ್ ಒತ್ತಿದರೂ ದುಡ್ಡು ಬಂದೇ ಬರುತ್ತೆ. ಅಂಗಡಿಯಲ್ಲಿ ಕಾರ್ಡು ಉಜ್ಜುವಾಗಲೂ ಇದೇ ಪ್ರಶ್ನೆ ಕೇಳುತ್ತಾರೆ, ಎಷ್ಟೋ ಸಲ ಅಂಗಡಿಯವನೇ ನಮ್ಮನ್ನು ಕೇಳದೆ ರೂಪಾಯಿ ಒತ್ತಿ ಕೊಟ್ಟುಬಿಡುತ್ತಾನೆ. ಬಿಲ್ಲಿನಲ್ಲಿ ಬಾಟ್ ಬದಲು ರೂಪಾಯಿ ಕಂಡರೆ ಅಲ್ಲೇ ನಿಲ್ಲಿಸಿ ರದ್ದು ಮಾಡಿಸಬೇಕು. ತಮಾಷೆ ಅಂದರೆ ಹೀಗೆ ರೂಪಾಯಿಯಲ್ಲೇ ಕೊಟ್ಟರೂ ನಮ್ಮ ಕೆಲವು ಬ್ಯಾಂಕುಗಳು ಹೊರದೇಶದ ವ್ಯವಹಾರ ಅಂತ ಅದರ ಮೇಲೂ ಶುಲ್ಕ ಹಾಕುತ್ತವೆ.

ಜರ್ಮನಿಯಲ್ಲಿರುವ ನಮ್ಮಕ್ಕನ ಮಗನಿಗೆ ಇದನ್ನು ಹೇಳಿದರೆ ಅವನು ನಕ್ಕ. ಐರೋಪ್ಯ ಒಕ್ಕೂಟದಲ್ಲಿ 2020ರ ಏಪ್ರಿಲ್‌ನಿಂದ ಇಂಥ ಮಷೀನುಗಳು, ಯುರೋಪಿನ ಕೇಂದ್ರ ಬ್ಯಾಂಕಿನ ದರಕ್ಕಿಂತ ತಾವು ಎಷ್ಟು ಶೇಕಡಾ ಜಾಸ್ತಿ ಹಾಕುತ್ತಿದ್ದೇವೆ ಅಂತ ತೋರಿಸಲೇಬೇಕಂತೆ. ಪಟ್ಟಾಯದ ಪರದೆಯಲ್ಲೂ ಆ ಒಂದು ಸಾಲು ಇದ್ದಿದ್ದರೆ ನಾನು ಖಂಡಿತ ಏಮಾರುತ್ತಿರಲಿಲ್ಲ. ಶೇಕಡಾ ಕಂಡರೆ ನನ್ನ ಕೈ ತಾನಾಗೇ ನಿಲ್ಲುತ್ತೆ.

ನಮ್ಮ ಗುಂಪಿನಲ್ಲೇ ಇನ್ನೊಬ್ಬರು ಕ್ರೆಡಿಟ್ ಕಾರ್ಡಿನಿಂದ ಕ್ಯಾಶ್ ತೆಗೆದರು. ಅದಕ್ಕೆ ಬೇರೆ ಶುಲ್ಕ, ತೆಗೆದ ದಿನದಿಂದಲೇ ಬಡ್ಡಿ. ಮತ್ತೊಬ್ಬರು ಫಾರೆಕ್ಸ್ ಕಾರ್ಡಿಗೆ (ಹೊರದೇಶದ ದುಡ್ಡನ್ನು ಮೊದಲೇ ತುಂಬಿಸಿಕೊಳ್ಳುವ ಕಾರ್ಡು) ಡಾಲರ್ ತುಂಬಿಸಿಕೊಂಡು ಬಂದಿದ್ದರು, ಬಾಟ್‌ನಲ್ಲಿ ಖರ್ಚು ಮಾಡಿದಾಗ ಡಾಲರಿನಿಂದ ಬಾಟ್‌ಗೆ ಮತ್ತೊಮ್ಮೆ ಬದಲಾವಣೆ, ಅದಕ್ಕೂ ಮಾರ್ಕಪ್. ಈ ಇಬ್ಬರಿಗೂ ಯಾರೂ ಹೇಳಿರಲಿಲ್ಲ.

ಈಗ ನನ್ನ ದೊಡ್ಡ ದೂರು. ವಾಪಸ್ ಹೊರಡುವ ಹಿಂದಿನ ಸಂಜೆ ಬ್ಯಾಂಕಾಕಿನಲ್ಲಿ 5,000 ಬಾಟ್ ತೆಗೆಯಲು ಹೋದೆ. ಮಷೀನು ಗಿರ್ರ್ ಅಂತ ಎಣಿಸಿದ ಸದ್ದು ಬಂತು, ನೋಟು ಬರಲಿಲ್ಲ. ಒಂದು ನಿಮಿಷ ಕಾದೆ. ಕಾರ್ಡು ಬಂತು, ಚೀಟಿ ಬಂತು, ನೋಟು ಬರುವ ಬಾಗಿಲು ಮಾತ್ರ ತೆರೆಯಲಿಲ್ಲ. ಅಷ್ಟರಲ್ಲಿ ಫೋನ್ ಟಿಣ್ ಅಂತು, 13,572 ರೂಪಾಯಿ ಕಡಿತ. ಆ ಚೀಟಿಯ ಫೋಟೊ ತಕ್ಷಣ ತೆಗೆದಿಟ್ಟೆ, ಅದೊಂದು ಬುದ್ಧಿ ಆ ಹೊತ್ತಿಗೆ ಹೇಗೆ ಬಂತೋ. ಯಾಕೆಂದರೆ ಅಸಲು ಚೀಟಿಯನ್ನು ಇವರು ನೋವಿನ ಮುಲಾಮಿನ ಡಬ್ಬಿಯ ಜತೆ ಚೀಲದಲ್ಲಿ ಇಟ್ಟಿದ್ದರು, ಹಾಸನಕ್ಕೆ ಬರುವಷ್ಟರಲ್ಲಿ ಅಕ್ಷರವೆಲ್ಲ ಅಳಿಸಿ ಬರೀ ಬಿಳಿ ಕಾಗದ. ಮಷೀನಿನ ನಂಬರು, ಹೊತ್ತು, ತಾರೀಕು ಉಳಿದಿದ್ದು ಫೋಟೊದಲ್ಲಿ ಮಾತ್ರ.

ಶಾಖೆಗೆ ಹೋದೆ. "ಮೇಡಂ, ಇದು ಫಾರಿನ್ ಟ್ರಾನ್ಸಾಕ್ಷನ್ನು, ಲೇಟಾಗುತ್ತೆ" ಅಂತ ಆ ಹುಡುಗ ಒಂದು ಫಾರಂ ಕೊಟ್ಟ. ಹುಡುಗ ಪಾಪ ಒಳ್ಳೆಯವನೇ, ಕೂರಿಸಿ ನೀರು ಕೊಟ್ಟ. ನಮ್ಮ ಬ್ಯಾಂಕು ಕಾರ್ಡಿನ ಜಾಲದ ಮೂಲಕ ಅಲ್ಲಿನ ಬ್ಯಾಂಕನ್ನು ಕೇಳಬೇಕು, ಅವರು ಮಷೀನಿನ ದಾಖಲೆ ಮತ್ತು ನಗದು ತಾಳೆ ನೋಡಿ ಉತ್ತರ ಕೊಡಬೇಕು ಅಂದ. ಸರಿ ಅಂತ ಬಂದೆ. ಒಂದು ತಿಂಗಳಾದರೂ ಸುದ್ದಿಯಿಲ್ಲ. ಬ್ಯಾಂಕು 30 ದಿನದಲ್ಲಿ ಉತ್ತರ ಕೊಡದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ (ಗ್ರಾಹಕರ ದೂರು ವಿಚಾರಿಸುವ ಅಧಿಕಾರಿ) ದೂರು ಕೊಡಬಹುದು, ಖರ್ಚಿಲ್ಲ, 14448ಕ್ಕೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ. ಇದನ್ನೇ ಶಾಖೆಯಲ್ಲಿ ಜೋರಾಗಿ ಹೇಳಿದೆ. 52ನೇ ದಿನ ದುಡ್ಡು ಬಂತು. 13,572 ಬಂತು, ನೋಟೇ ಕೊಡದ ಆ ವ್ಯವಹಾರಕ್ಕೆ ಹಾಕಿದ್ದ 147.50 ಶುಲ್ಕ ಇನ್ನೂ ಬಂದಿಲ್ಲ.

ಇದೇ ಹಾಸನದ ಬಸ್ ಸ್ಟ್ಯಾಂಡಿನ ಎಟಿಎಂನಲ್ಲಿ ಆಗಿದ್ದರೆ? 2019ರ ಸೆಪ್ಟೆಂಬರಿನ ರಿಸರ್ವ್ ಬ್ಯಾಂಕ್ ಸುತ್ತೋಲೆ ಪ್ರಕಾರ ಐದು ದಿನದೊಳಗೆ ದುಡ್ಡು ತಾನಾಗೇ ವಾಪಸ್ ಬರಬೇಕು, ಬರದಿದ್ದರೆ ಆಮೇಲಿನ ಒಂದೊಂದು ದಿನಕ್ಕೂ ಬ್ಯಾಂಕು 100 ರೂಪಾಯಿ ಕೊಡಬೇಕು. ನನ್ನ ಲೆಕ್ಕದಲ್ಲಿ 47 ದಿನಕ್ಕೆ 4,700. ಆದರೆ ಆ ಸುತ್ತೋಲೆ ದೇಶದೊಳಗಿನ ವ್ಯವಹಾರಕ್ಕೆ ಮಾತ್ರ. ಗಡಿ ದಾಟಿದರೆ ನಮಗೆ ಆ ರಕ್ಷಣೆಯಿಲ್ಲ. ಹೊರದೇಶದ ಬ್ಯಾಂಕನ್ನು ಐದು ದಿನದಲ್ಲಿ ಕುಣಿಸೋಕಾಗಲ್ಲ, ಒಪ್ಪುತ್ತೇನೆ. 30 ದಿನ ಅನ್ನಲಿ, 40 ಅನ್ನಲಿ, ಒಂದು ಗಡುವು ಬೇಡವಾ? ಶುಲ್ಕ ಹಿಡಿಯುವಾಗ ನಮ್ಮ ಬ್ಯಾಂಕು ಒಂದು ದಿನವೂ ತಡ ಮಾಡಲಿಲ್ಲ.

ಓದಿಕೊಂಡು ಹೋಗಬೇಕಿತ್ತು ಅಂತ ಯಾರಾದರೂ ಅನ್ನಬಹುದು. ಓದೋಕೆ ಹೋದೆ ಸ್ವಾಮಿ, ಬಂದ ಮೇಲೆ. ನಮ್ಮ ಬ್ಯಾಂಕಿನ ಶುಲ್ಕದ ಪಟ್ಟಿ ಉದ್ದನೆಯ ಇಂಗ್ಲಿಷ್ ಪಿಡಿಎಫ್, ಸಣ್ಣಕ್ಷರ, ನಕ್ಷತ್ರದ ಗುರುತು, ಗುರುತಿಗೆ ಅಡಿಟಿಪ್ಪಣಿ. ಅದೇ ಬ್ಯಾಂಕು ಸಾಲ ಬೇಕಾ, ಇನ್ಶೂರೆನ್ಸ್ ಬೇಕಾ ಅಂತ ಚೊಕ್ಕ ಕನ್ನಡದಲ್ಲಿ ವಾರಕ್ಕೆರಡು ಎಸ್ಸೆಮ್ಮೆಸ್ಸು ಕಳಿಸುತ್ತೆ! ನಾನು ಆಪ್‌ನಲ್ಲಿ ವಿದೇಶ ಬಳಕೆ ಆನ್ ಮಾಡಿದ ಆ ಕ್ಷಣ ನಾನು ಹೊರದೇಶದಲ್ಲಿ ಕಾರ್ಡು ಬಳಸುತ್ತೇನೆ ಅಂತ ಅವರಿಗೆ ಗೊತ್ತಾಯಿತು ತಾನೆ? ಆ ಪರದೆಯಲ್ಲೇ ಕನ್ನಡದಲ್ಲಿ ನಾಲ್ಕು ಸಾಲು ಬರಲಿ. ಒಂದು ಸಲ ತೆಗೆದರೆ ಇಷ್ಟು ಶುಲ್ಕ, ಮಾರ್ಕಪ್ ಇಷ್ಟು, ರೂಪಾಯಿ ಬೇಕಾ ಅಂದರೆ ಬೇಡ ಅನ್ನಿ, ಊರಿಗೆ ಬಂದ ಮೇಲೆ ಆಫ್ ಮಾಡಿ. ಕೊನೇದು ಸುಮ್ನೆ ಹೇಳುತ್ತಿಲ್ಲ, ಎಷ್ಟೋ ಹೊರದೇಶದ ವೆಬ್‌ಸೈಟುಗಳು ಓಟಿಪಿ ಕೇಳದೆ ಬರೀ ಕಾರ್ಡಿನ ನಂಬರಿನ ಮೇಲೆ ದುಡ್ಡು ಎಳೆದುಬಿಡುತ್ತವೆ. ನಾನು ಮೂರು ವಾರ ಮರೆತಿದ್ದೆ.

ಮುಂದಿನ ತಿಂಗಳು ಇವರ ತಮ್ಮನ ಸಂಸಾರ ಇದೇ ಪ್ರವಾಸಕ್ಕೆ ಹೊರಟಿದೆ. ಅವರಿಗೆ ಒಂದು ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದುಕೊಟ್ಟಿದ್ದೇನೆ, ವಿಥೌಟ್ ಅನ್ನೋ ಪದವನ್ನು ಇಂಗ್ಲಿಷಿನಲ್ಲಿ ಹೇಗಿರುತ್ತೋ ಹಾಗೇ ಬರೆದು ಕೆಂಪು ಗೆರೆ ಎಳೆದು. ನಿಮ್ಮ ಪುರವಣಿಯ ಜಾಹೀರಾತಿನ ಪಕ್ಕ ಎರಡು ಅಂಗುಲ ಜಾಗ ಇದ್ದರೆ ಹೇಳಿ, ಅದರ ಇನ್ನೊಂದು ಪ್ರತಿ ನಿಮಗೂ ಕಳಿಸುತ್ತೇನೆ.

ಇಂತಿ,
ಒಬ್ಬ ನಿವೃತ್ತ ಗಣಿತ ಶಿಕ್ಷಕಿ, ಹಾಸನ