ಸೀನನಿಗೆ, ಫೋನ್ ಎತ್ತದಿದ್ದಕ್ಕೆ

ಲೋ ಸೀನ,

ಕುಮಾರಪರ್ವತದ ಫೋಟೋ ನೋಡಿದೆ. ಈ ವಯಸ್ಸಿನಲ್ಲಿ ಶೇಷಪರ್ವತ ದಾಟಿ ಮೇಲೆ ಹೋಗಿದ್ದೀಯಲ್ಲೋ! ಹೊಟ್ಟೆ ಉರೀತು, ಆದರೂ ಲೈಕ್ ಒತ್ತಿದೆ. ನನ್ನ ಪರ್ವತ ಈಗ ಆಸ್ಪತ್ರೆಯ ಕಾರಿಡಾರು. 30 ಮೀಟರ್ ಉದ್ದ, ಎರಡೂ ತುದಿಗೆ ಟ್ರಾಫಿಕ್ ಪೊಲೀಸರು ಇಡ್ತಾರಲ್ಲ ಅಂಥ ಕಿತ್ತಳೆ ಕೋನು, ಬೆರಳಿಗೆ ಆಕ್ಸಿಮೀಟರ್ ಕ್ಲಿಪ್ಪು. 6 ನಿಮಿಷದಲ್ಲಿ ಎಷ್ಟು ದೂರ ನಡೀತೀಯ ಅನ್ನೋದೇ ಪರೀಕ್ಷೆ. ಓಡೋ ಹಾಗಿಲ್ಲ, ಮಾತಾಡೋ ಹಾಗಿಲ್ಲ. ಎರಡರಲ್ಲಿ ಯಾವುದು ಕಷ್ಟವಾಯಿತು ಅಂತ ನಿನಗೆ ಬಿಡಿಸಿ ಹೇಳಬೇಕಾಗಿಲ್ಲ.

ಸಿಒಪಿಡಿ ಅಂತೆ, ಅಂದರೆ ಉಸಿರಿನ ನಾಳಗಳು ಕಿರಿದಾಗಿ ವರ್ಷಗಟ್ಟಲೆ ಕಾಡೋ ಶ್ವಾಸಕೋಶದ ಕಾಯಿಲೆ. ಸ್ಪೈರೋಮೆಟ್ರಿ ಅಂತ ಒಂದು ಊದಿಸ್ತಾರೆ. ಊದಿದ ಒಟ್ಟು ಗಾಳಿಯಲ್ಲಿ ಶೇ 70ರಷ್ಟಾದರೂ ಮೊದಲ ಸೆಕೆಂಡಿಗೇ ಆಚೆ ಬರಬೇಕು. ನನ್ನದು ಬರಲಿಲ್ಲ. ಗಾಳಿ ಒಳಗೆ ಹೋಗ್ತಿಲ್ಲ ಅಂತ ನಾನು ಒದ್ದಾಡ್ತಿದ್ದೆ; ತಾಪತ್ರಯ ಇರೋದು ಆಚೆ ಹಾಕೋದರಲ್ಲಿ. ಉಸಿರು ಬಿಡುವಾಗ ಒಳಗಿನ ಸಣ್ಣ ನಾಳಗಳು ಅರ್ಧಕ್ಕೇ ಮುಚ್ಚಿಕೊಳ್ತವೆ. ಹಳೇ ಗಾಳಿ, ಅಗ್ರಿಮೆಂಟ್ ಮುಗಿದರೂ ಮನೆ ಖಾಲಿ ಮಾಡದ ಬಾಡಿಗೆದಾರನ ಹಾಗೆ, ಅಲ್ಲೇ ಕೂತುಬಿಡುತ್ತೆ.

ಅದಕ್ಕೇ ಈ ಉಸಿರಾಟದ ಕ್ಲಾಸು. ಫಿಸಿಯೋಥೆರಪಿ ಮಾಡಿಸೋ ಹುಡುಗಿಗೆ ನನ್ನ ಮಗಳ ವಯಸ್ಸು. ಮೂಗಿನಲ್ಲಿ ಎರಡು ಎಣಿಸೋವರೆಗೆ ಎಳಕೊಳ್ಳಿ, ಸಿಳ್ಳೆ ಹಾಕೋ ಹಾಗೆ ತುಟಿ ಮಾಡಿ ನಾಲ್ಕು ಎಣಿಸೋವರೆಗೆ ಬಿಡಿ, ಎದುರಿಗೆ ದೀಪ ಇದ್ದರೆ ಅಲುಗಬೇಕು, ಆರಬಾರದು, ಅಂತಾಳೆ. ತುಟಿಯ ಹತ್ತಿರ ಗಾಳಿಯನ್ನು ತಡೆದರೆ ಒಳಗೆ ಒತ್ತಡ ಉಳಿದು ನಾಳಗಳು ಬೇಗ ಮುಚ್ಚಿಕೊಳ್ಳಲ್ಲ, ಇದರ ಗುಟ್ಟು ಅಷ್ಟೇ. ಮೆಟ್ಟಿಲು ಹತ್ತುವಾಗ ಉಸಿರು ಬಿಡ್ತಾ ಹತ್ತಬೇಕು, ನಿಂತು ಎಳಕೊಳ್ಳಬೇಕು. ಇದರಿಂದ ಶ್ವಾಸಕೋಶ ಮೊದಲಿನಂತಾಗಲ್ಲ, ಏದುಸಿರು ಕಡಿಮೆಯಾಗುತ್ತೆ. ಪಕ್ಕದ ಮನೆಯವರು ಕಪಾಲಭಾತಿ ಮಾಡಿ ಸಾರ್ ಅಂತ ಗೇಟಿಗೇ ಬಂದು ನಿಂತಿದ್ದರು. ಡಾಕ್ಟರು ಬೇಡವೇ ಬೇಡ ಅಂದರು. ಜೋರಾಗಿ ಉಸಿರು ತಳ್ಳಿದರೆ ಆ ನಾಳಗಳು ಇನ್ನೂ ಬೇಗ ಮುಚ್ಚಿಕೊಳ್ತವಂತೆ.

ಕ್ಲಾಸಿನಲ್ಲಿ ಶಿರಾ ಕಡೆಯ ಒಬ್ಬ ಅಜ್ಜಿ ಇದೆ. ಬೀಡಿ ಮುಟ್ಟಿದವಳಲ್ಲ. 2016ರಲ್ಲಿ ಉಜ್ವಲ ಯೋಜನೆ ಶುರುವಾಗೋ ಹೊತ್ತಿಗೆ, ಸೌದೆ ಒಲೆ ಮುಂದೆ ಕೂತೂ ಕೂತೂ ಅವಳ ಎದೆ ಹೋಗಿಯೇ ಬಿಟ್ಟಿತ್ತು. ತುಟಿ ಹೇಗೆ ಮಾಡಬೇಕು ಅಂತ ಹುಡುಗಿ ತೋರಿಸಿದರೆ, "ಊದಾದ್ ನಂಗೇಳ್ಕೊಡ್ತೀಯೇನವ್ವಾ? ಊದುಗೊಳವೆ ಹಿಡ್ದೇ ಮುದುಕಿ ಆದೋಳು ನಾನು" ಅಂದಳು. ಇಡೀ ಕ್ಲಾಸೇ ನಕ್ಕಿತು. ನಾನು ನಗಲಿಲ್ಲ.

ಯಾಕೆ ಅಂತ ಬಸ್ಸಿನಲ್ಲಿ ಬರುವಾಗ ಹೊಳೀತು. ನಕ್ಕರೆ ಕೆಮ್ಮು ಹತ್ತುತ್ತೆ, ಕೆಮ್ಮು ಹತ್ತಿದರೆ ಮುಖ ಕಪ್ಪಿಡುತ್ತೆ, ಪಕ್ಕದಲ್ಲಿ ಕೂತವರು ಬೆನ್ನು ತಟ್ಟೋದಕ್ಕೆ ಬರ್ತಾರೆ. ಆ ತಟ್ಟೋದು ತಡೆಯೋಕಾಗಲ್ಲ ಕಣೋ. ಅದಕ್ಕೆ ನಾನು ನಗು ಬರೋ ಜಾಗಗಳನ್ನೆಲ್ಲ ಒಂದೊಂದಾಗಿ ಬಿಡ್ತಾ ಬಂದಿದ್ದೀನಿ. ಮೊದಲು ಕಟ್ಟೆ ಹರಟೆ. ಆಮೇಲೆ ತಮ್ಮನ ಮಗನ ಮದುವೆ. ಜ್ವರ ಅಂತ ಹೇಳಿದೆ. ಆಮೇಲೆ ನೀನು. ನಿನ್ನ ಹೆಸರು ಫೋನಿನಲ್ಲಿ ಬಂದರೆ ಮಗುಚಿ ಇಡ್ತೀನಿ. ನೀನು "ಶಾನುಭೋಗರ ಮೇಕೆ" ಅಂದರೆ ಸಾಕು, ನಾನು ಮುಗೀತು. ಸಾವಿಗೆ ಇಷ್ಟು ಹೆದರಿಲ್ಲ ಸೀನ. ನಿನ್ನ ಮುಂದೆ ನಗ್ತಾ ನಗ್ತಾ ಉಸಿರು ಸಿಗದೆ ಕೂತಿರೋದನ್ನ ನೀನು ನೋಡ್ತೀಯಲ್ಲ, ಅದಕ್ಕೆ ಹೆದರ್ತೀನಿ. ಆಮೇಲೆ ನೀನು ನನ್ನ ಹತ್ತಿರ ಜೋಕು ಹೇಳೋದನ್ನೇ ಬಿಟ್ಟುಬಿಡ್ತೀಯ.

ಥೂ, ಎಲ್ಲಿಂದ ಎಲ್ಲಿಗೆ ಹೋದೆ. ಓದ್ತಿರೋ ಮಹನೀಯರು ಕ್ಷಮಿಸಬೇಕು, ಮುಂದಿನ ಪ್ಯಾರಾದಲ್ಲಿ ಸರಿ ಹೋಗ್ತೀನಿ.

ಭಾನುವಾರ ಫೋನ್ ಮಾಡು, ಎತ್ತುತ್ತೀನಿ. ಮೊದಲ ಹತ್ತು ನಿಮಿಷ ನಿನ್ನ ಭಾಮೈದನ ಮ್ಯೂಚುವಲ್ ಫಂಡ್ ವಿಚಾರ ಮಾತಾಡು. ಅದರಿಂದ ಇವತ್ತಿನವರೆಗೆ ಯಾರಿಗೂ ನಗು ಬಂದದ್ದಿಲ್ಲ. ಮಧ್ಯೆ ನಾನು ಸುಮ್ಮನಾದರೆ ಲೈನ್ ಕಟ್ಟಾಯ್ತು ಅಂದುಕೋಬೇಡ, ನಾಲ್ಕು ಎಣಿಸ್ತಾ ಇರ್ತೀನಿ. ಇನ್ನು ನಿನ್ನ ಹೆಂಡತಿ ಇದನ್ನು ಓದಿ ಕೇಳಿದರೆ, ಹಾಸ್ಟೆಲ್ ತಾರಸಿ ಮೇಲೆ ಬೀಡಿ ಸೇದ್ತಿದ್ದವನು ನಾನೊಬ್ಬನೇ ಅಂತ ಹೇಳು. ಬೇಕಾದರೆ ನನ್ನ ಎಕ್ಸ್‌ರೇ ಕಳಿಸಿಕೊಡ್ತೀನಿ, ತೋರಿಸು.

ನಿನ್ನ
ಗುಂಡ