ಸ್ಪಿಶ್ ಕೋಟೆಗೆ ಎರಡು ಗಂಟೆ ಸಾಲದು

ಮಾನ್ಯ ಸಂಪಾದಕರೇ,

ಪೂರ್ವ ಸ್ಲೊವಾಕಿಯಾದ ಸ್ಪಿಶ್ ಕೋಟೆ ಯುರೋಪ್ ಪ್ರವಾಸದ ಪಟ್ಟಿಗಳಲ್ಲಿ ಬರುವುದು ಸಾಮಾನ್ಯವಾಗಿ ‘ದಾರಿಯಲ್ಲಿ ಎರಡು ಗಂಟೆ ನಿಲುಗಡೆ’ ಎಂಬ ಒಂದೇ ಸಾಲಿನಲ್ಲಿ. ಬಸ್ಸು ನಿಲ್ಲುತ್ತದೆ, ಜನ ಏದುಸಿರು ಬಿಡುತ್ತ ಹತ್ತುತ್ತಾರೆ, ಫೋಟೊ ತೆಗೆದು ಇಳಿಯುತ್ತಾರೆ. ಯುನೆಸ್ಕೊ 1993ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಕೋಟೆಯೊಂದನ್ನೇ ಅಲ್ಲ. ಅದರ ಬುಡದ ಸ್ಪಿಶ್‌ಸ್ಕೆ ಪೋದ್‌ಹ್ರಾದಿಯೆ ಊರು, ಎದುರು ದಿಬ್ಬದ ಪಾದ್ರಿಗಳ ಊರು ಸ್ಪಿಶ್‌ಸ್ಕಾ ಕಪಿತುಲಾ, ಝೆಹ್ರಾ ಹಳ್ಳಿಯ ಚರ್ಚು ಎಲ್ಲವೂ ಸೇರಿ ಒಂದು ತಾಣ. 2009ರಲ್ಲಿ ಲೆವೊಚಾ ಪಟ್ಟಣವನ್ನೂ ಅದಕ್ಕೆ ಕೂಡಿಸಿದರು. ಇವನ್ನೆಲ್ಲ ನೋಡಲು ಕನಿಷ್ಠ ಎರಡು ಹಗಲು, ಒಂದು ರಾತ್ರಿ ಬೇಕು.

ಮೊದಲಿಗೆ ಒಂದು ಪದದ ಗೊಂದಲ. ನಾವು ‘ಕ್ಯಾಸಲ್’ ಎಂದು ಒಂದೇ ಹೆಸರಿನಲ್ಲಿ ಕರೆಯುವುದಕ್ಕೆ ಸ್ಲೊವಾಕ್ ಭಾಷೆಯಲ್ಲಿ ಎರಡು ಪದಗಳಿವೆ. ‘ಹ್ರಾದ್’ ಎಂದರೆ ಕಾದಾಟಕ್ಕೆ ಕಟ್ಟಿದ ಕೋಟೆ, ‘ಜಾಮೊಕ್’ ಎಂದರೆ ವಾಸಕ್ಕೆ ಅಲಂಕರಿಸಿದ ಅರಮನೆ. ಸ್ಪಿಶ್ ಒಂದು ಹ್ರಾದ್. ಅಲ್ಲಿ ಝೂಮರ್, ರೇಷ್ಮೆ ಪರದೆ, ಚಿನ್ನದ ಚೌಕಟ್ಟಿನ ಕನ್ನಡಿ ಹುಡುಕುವವರಿಗೆ ನಿರಾಸೆ ಖಚಿತ. ಅವರು ಅದೇ ದೇಶದ ಬೊಯ್ನಿತ್ಸೆಗೆ ಹೋಗುವುದು ಒಳ್ಳೆಯದು. ಇಲ್ಲಿರುವುದು ಸುಮಾರು ನಾಲ್ಕು ಹೆಕ್ಟೇರ್ ಹರಡಿದ ಸೂರಿಲ್ಲದ ಗೋಡೆಗಳು, ಒಂದು ದುಂಡು ಬುರುಜು, ಒಂದು ಪುಟ್ಟ ಪ್ರಾರ್ಥನಾ ಮಂದಿರ, ಒಂದಿಷ್ಟು ಆಯುಧ ಮತ್ತು ಚಿತ್ರಹಿಂಸೆಯ ಸಲಕರಣೆಗಳ ಪ್ರದರ್ಶನ. ಮಧ್ಯ ಯುರೋಪಿನ ಅತಿ ದೊಡ್ಡ ಕೋಟೆಗಳಲ್ಲಿ ಇದೂ ಒಂದು.

ಮೇಲಿನಿಂದ ಕೆಳಕ್ಕೆ ಕಾಲ ಇಳಿಯುತ್ತ ಬಂದಂತೆ ಇದರ ರಚನೆ ಇದೆ. ತುದಿಯ ಮೇಲಿನ ಕೋಟೆ ಅತ್ಯಂತ ಹಳೆಯದು. ಮಧ್ಯದ ಅಂಗಳ 13ನೇ ಶತಮಾನದ್ದು. ಎಲ್ಲಕ್ಕಿಂತ ವಿಶಾಲವಾದ ಕೆಳ ಅಂಗಳಕ್ಕೆ ಗೋಡೆ ಬಂದದ್ದು 15ನೇ ಶತಮಾನದಲ್ಲಿ. ಪ್ರವಾಸಿ ಒಳಹೊಕ್ಕುವುದು ಕೆಳಗಿನಿಂದ, ಅಂದರೆ ಇತಿಹಾಸವನ್ನು ಹಿಂದುಮುಂದಾಗಿ ಓದಿದ ಹಾಗೆ. ಹಾಗಾಗಿ ಕೆಳ ಅಂಗಳದಲ್ಲಿ ಸಮಯ ಕಳೆಯದೆ ನೇರ ಮೇಲಕ್ಕೆ ಹೋಗಿ, ನೋಡುತ್ತ ಇಳಿದುಬರುವುದು ಲೇಸು. ಇದರಲ್ಲಿ ಇನ್ನೊಂದು ಲಾಭವೂ ಇದೆ. ಬುರುಜಿನ ಸುರುಳಿ ಮೆಟ್ಟಿಲು ತೀರಾ ಇಕ್ಕಟ್ಟು. ಹತ್ತುವವರಿಗೂ ಇಳಿಯುವವರಿಗೂ ಅದೊಂದೇ ದಾರಿ, ಒಬ್ಬರು ನಿಂತರೆ ಹಿಂದಿನವರೆಲ್ಲ ನಿಲ್ಲಬೇಕು. ಬಾಗಿಲು ತೆರೆದ ಮೊದಲ ಗಂಟೆಯಲ್ಲೇ ಅದನ್ನು ಮುಗಿಸಿದರೆ ನಡುಹಗಲಿನ ಟೂರ್ ಬಸ್ಸಿನವರ ನೂಕುನುಗ್ಗಲು ತಪ್ಪುತ್ತದೆ.

1241ರ ಮಂಗೋಲ್ ದಾಳಿಗೆ ಬಗ್ಗದ ಈ ಕೋಟೆ 1464ರವರೆಗೆ ಹಂಗೆರಿಯ ರಾಜರದಾಗಿತ್ತು. ಆಮೇಲೆ ಜಾಪೊಯ್ಯಿ, ಥುರ್ಜೊ, ಚಾಕಿ ಮನೆತನಗಳ ಕೈಗೆ ಬಂತು. 1780ರ ಬೆಂಕಿಯಲ್ಲಿ ಸುಟ್ಟು ಪಾಳುಬಿತ್ತು. ಸಿಡಿಲು ಬಡಿಯಿತು ಎನ್ನುವವರಿದ್ದಾರೆ, ಪಹರೆಯ ಸೈನಿಕರು ಒಳಗೆ ಮದ್ಯದ ಭಟ್ಟಿ ಇಳಿಸುತ್ತಿದ್ದಾಗ ಹೊತ್ತಿಕೊಂಡಿತು ಎನ್ನುವವರೂ ಇದ್ದಾರೆ.

ಬೆಂಕಿಗಿಂತ ದೊಡ್ಡ ಅಪಾಯ ಇರುವುದು ಕಾಲ ಕೆಳಗೆ. ಕೋಟೆ ಕುಳಿತಿರುವುದು ಟ್ರಾವರ್ಟೀನ್ ಬಂಡೆಯ ಮೇಲೆ. ಖನಿಜ ಬುಗ್ಗೆಗಳ ನೀರಿನಲ್ಲಿದ್ದ ಸುಣ್ಣದ ಅಂಶ ಪದರ ಪದರವಾಗಿ ಗಟ್ಟಿಯಾಗಿ ಆದ ಕಲ್ಲು ಅದು. ಅದರಡಿ ಇರುವುದು ಮೆತ್ತನೆಯ ಜೇಡಿ ಪದರ. ಭಾರಕ್ಕೆ ಕೆಳಪದರ ಕುಸಿದಂತೆ ಮೇಲಿನ ಬಂಡೆ ಸೀಳಿ, ತುಂಡುಗಳು ಒಂದರಿಂದೊಂದು ನಿಧಾನವಾಗಿ ದೂರ ಸರಿಯುತ್ತವೆ. ಗೋಡೆ ಬಿರುಕು ಬಿಡುವುದು ಇದರಿಂದ. 1970ರ ದಶಕದಲ್ಲಿ ಶುರುವಾದ ಜೀರ್ಣೋದ್ಧಾರ ಬಹುಕಾಲ ಎಳೆದದ್ದಕ್ಕೆ ಇದೂ ಕಾರಣ. ಕೋಟೆಯ ಯಾವುದಾದರೊಂದು ಭಾಗಕ್ಕೆ ಹಗ್ಗ ಕಟ್ಟಿದ್ದರೆ ಟಿಕೆಟ್ ಕೊಟ್ಟವರ ಮೇಲೆ ರೇಗಬೇಡಿ. ತುಳಿದು ತುಳಿದು ನುಣುಪಾದ ಈ ಕಲ್ಲು ಮಳೆಯಲ್ಲಿ ಜಾರುತ್ತದೆ. ಹಿಡಿತವಿರುವ ಶೂ ಬೇಕು, ಚಪ್ಪಲಿ ಬೇಡ.

ಇನ್ನು ದಾರಿ ತಪ್ಪುವ ವಿಚಾರ. ಸ್ಪಿಶ್ ಎಂಬುದು ಇಡೀ ಸೀಮೆಯ ಹೆಸರು. ಅಲ್ಲಿನ ಅರ್ಧ ಊರುಗಳು ‘ಸ್ಪಿಶ್‌ಸ್ಕೆ’, ‘ಸ್ಪಿಶ್‌ಸ್ಕಾ’ ಎಂದೇ ಆರಂಭವಾಗುತ್ತವೆ. ಸ್ಪಿಶ್‌ಸ್ಕಾ ನೋವಾ ವೆಸ್‌ಗೆ ರೈಲು ಟಿಕೆಟ್ ತೆಗೆದು ಕೋಟೆ ಎಲ್ಲಿ ಎಂದು ಹುಡುಕುವುದು ಇಲ್ಲಿ ಸುಲಭವಾಗಿ ಆಗುವ ತಪ್ಪು. ಹೆಸರಿನ ಅರ್ಥ ಗೊತ್ತಿದ್ದರೆ ಎಡವುವುದಿಲ್ಲ. ‘ನೋವಾ ವೆಸ್’ ಎಂದರೆ ಅಕ್ಷರಶಃ ಹೊಸಹಳ್ಳಿ, ಅದು ರೈಲು ನಿಲ್ದಾಣವಿರುವ ದೊಡ್ಡ ಊರು. ‘ಪೋದ್‌ಹ್ರಾದಿಯೆ’ ಎಂದರೆ ಕೋಟೆಯ ಕೆಳಗಿನದು, ನೀವು ಇಳಿಯಬೇಕಾದ್ದು ಅಲ್ಲಿ. ಅಲ್ಲಿಗೆ ಸ್ಪಿಶ್‌ಸ್ಕೆ ವ್ಲಾಖಿಯಿಂದ ಶಾಖಾ ರೈಲು ಮಾರ್ಗವೇನೋ ಇದೆ, ಆದರೆ ಪ್ರಯಾಣಿಕರ ಗಾಡಿ ವರ್ಷಪೂರ್ತಿ ಓಡುವುದಿಲ್ಲ. ಬ್ರಾಟಿಸ್ಲಾವಾ–ಕೋಶಿತ್ಸೆ ಮುಖ್ಯ ಮಾರ್ಗದ ಪೋಪ್ರಾದ್‌ನಲ್ಲಿ ಇಳಿದು ಲೆವೊಚಾಕ್ಕೆ, ಅಲ್ಲಿಂದ ಸುಮಾರು 15 ಕಿ.ಮೀ. ದೂರದ ಪೋದ್‌ಹ್ರಾದಿಯೆಗೆ ಬಸ್ಸು ಹಿಡಿಯುವುದೇ ಸರಿ. ಬಸ್ಸಿನ ವೇಳಾಪಟ್ಟಿಯಲ್ಲಿ ಹೊತ್ತಿನ ಪಕ್ಕ ಅಡ್ಡಡ್ಡ ಇಟ್ಟ ಎರಡು ಸುತ್ತಿಗೆಗಳ ಗುರುತಿದ್ದರೆ ಅದು ಕೆಲಸದ ದಿನ ಮಾತ್ರ ಓಡುವ ಬಸ್ಸು. ಅದನ್ನು ಗಮನಿಸದೆ ಭಾನುವಾರ ನಿಲ್ದಾಣಕ್ಕೆ ಬಂದವರಿಗೆ ಟ್ಯಾಕ್ಸಿಯೇ ಗತಿ.

ಪೋದ್‌ಹ್ರಾದಿಯೆಯಿಂದ ಕೋಟೆಗೆ ಅರ್ಧ ಗಂಟೆಯ ಕಾಲುದಾರಿ. ಸುತ್ತಲಿನ ನೆಲದಿಂದ ಬೆಟ್ಟ ಸುಮಾರು 200 ಮೀಟರ್ ಎತ್ತರ. ಮಧುಗಿರಿ ಹತ್ತಿದವರಿಗೆ ಇದು ಏರೇ ಅಲ್ಲ. ಆದರೆ ದಾರಿಯಲ್ಲಿ ನೆರಳಿಲ್ಲ, ಮೇಲೆ ಗಾಳಿಗೆ ತಡೆಯಿಲ್ಲ. ಜುಲೈನಲ್ಲೂ ಒಂದು ಜಾಕೆಟ್, ತಲೆಗೊಂದು ಟೋಪಿ, ತಲಾ ಒಂದು ಲೀಟರ್ ನೀರು ಇರಲಿ. ಮಂಡಿ ನೋವಿನವರು ಝೆಹ್ರಾ ಕಡೆಯ ಪಾರ್ಕಿಂಗ್‌ವರೆಗೆ ಕಾರಿನಲ್ಲಿ ಹೋದರೆ ನಡಿಗೆ ಅರ್ಧಕ್ಕರ್ಧ ಕಡಿಮೆ. ಚಳಿಗಾಲದಲ್ಲಿ ಕೋಟೆ ಮುಚ್ಚಿರುತ್ತದೆ. ಡಿಸೆಂಬರ್ ರಜೆಯಲ್ಲಿ ಹೋಗುವವರಿಗೆ ಸಿಗುವುದು ಹೊರಗಿನ ನೋಟ ಮಾತ್ರ.

ಕೋಟೆ ಮುಗಿಸಿ ಬಂದ ದಾರಿಯಲ್ಲೇ ಇಳಿಯಬೇಕಿಲ್ಲ. ದಕ್ಷಿಣಕ್ಕೆ ದ್ರೆವೆನೀಕ್ ಎಂಬ ಇನ್ನೊಂದು ಟ್ರಾವರ್ಟೀನ್ ದಿಬ್ಬವಿದೆ. ಅದನ್ನು ದಾಟಿ ಝೆಹ್ರಾಕ್ಕೆ ನಡೆದೇ ಹೋಗಬಹುದು. ಬಂಡೆ ಸೀಳುವ ಕ್ರಿಯೆ ಇಲ್ಲಿ ಕಣ್ಣಿಗೇ ಕಾಣುತ್ತದೆ. ಆಳವಾದ ಬಿರುಕುಗಳನ್ನು ಹುಲ್ಲು ಮುಚ್ಚಿರುವುದರಿಂದ ಗುರುತು ಹಾಕಿದ ದಾರಿ ಬಿಟ್ಟು ಕಾಲಿಡಬಾರದು. ಝೆಹ್ರಾದ 13ನೇ ಶತಮಾನದ ಬಿಳಿ ಚರ್ಚಿನ ಒಳಗೋಡೆ ತುಂಬ ಭಿತ್ತಿಚಿತ್ರ. ಸುಣ್ಣದ ಅಡಿ ಶತಮಾನಗಳ ಕಾಲ ಮುಚ್ಚಿಹೋಗಿದ್ದರಿಂದ ಅವು ಉಳಿದವು.

ಕಪಿತುಲಾವನ್ನು ಸಂಜೆಗೆ ಇಟ್ಟುಕೊಳ್ಳಿ. ಅದು ಊರಿನ ಪಶ್ಚಿಮಕ್ಕಿದೆ, ಕೋಟೆ ಪೂರ್ವಕ್ಕಿದೆ. ಇಳಿಬಿಸಿಲು ನೇರ ಕೋಟೆಯ ಮೇಲೆ ಬೀಳುವುದು ಆಗಲೇ. ಬೆಳಿಗ್ಗೆ ಅಲ್ಲಿಂದ ಫೋಟೊ ತೆಗೆದರೆ ಕೋಟೆ ಕಪ್ಪು ನೆರಳಾಗಿ ಬರುತ್ತದೆ. ಪಾದ್ರಿಗಳಿಗಾಗಿಯೇ ಗೋಡೆ ಕಟ್ಟಿದ ಒಂದೇ ಬೀದಿಯ ಊರು ಅದು. ಅಲ್ಲಿನ ಸಂತ ಮಾರ್ಟಿನ್ ಕೆಥೆಡ್ರಲ್‌ನಲ್ಲಿ 1317ರ ಭಿತ್ತಿಚಿತ್ರವಿದೆ, ಹಂಗೆರಿಯ ರಾಜ ಚಾರ್ಲ್ಸ್ ರಾಬರ್ಟ್‌ನ ಪಟ್ಟಾಭಿಷೇಕದ್ದು. ಬೀದಿಯ ಕೊನೆಯಿಂದ ಕೋಟೆಯನ್ನೂ ಊರನ್ನೂ ಒಟ್ಟಿಗೆ ನೋಡುವಾಗ ಒಂದು ಸಂಗತಿ ನೆನಪಿರಲಿ. 1412ರಲ್ಲಿ ಹಂಗೆರಿಯ ದೊರೆ ಸಿಗಿಸ್ಮಂಡ್ ಸಾಲಕ್ಕಾಗಿ ಸ್ಪಿಶ್‌ನ ಹಲವು ಪಟ್ಟಣಗಳನ್ನು ಪೋಲೆಂಡಿಗೆ ಒತ್ತೆಯಿಟ್ಟ. ಪೋದ್‌ಹ್ರಾದಿಯೆ ಅದರಲ್ಲಿ ಸೇರಿತ್ತು, ಕೋಟೆ ಸೇರಿರಲಿಲ್ಲ. 1772ರವರೆಗೆ, 360 ವರ್ಷ, ಬೆಟ್ಟದ ಮೇಲೆ ಒಂದು ಆಡಳಿತ, ಬುಡದಲ್ಲಿ ಇನ್ನೊಂದು. ಸಾಲ ತೀರಲೇ ಇಲ್ಲ ಎಂಬುದು ಬೇರೆ ಮಾತು.

ರಾತ್ರಿ ಉಳಿಯಲು ಲೆವೊಚಾ. ಅಲ್ಲಿನ ಸಂತ ಜೇಮ್ಸ್ ಚರ್ಚಿನಲ್ಲಿ ಮಾಸ್ಟರ್ ಪಾವೊಲ್ 1507ರಿಂದ 1517ರವರೆಗೆ ಕೆತ್ತಿಸಿದ 18.62 ಮೀಟರ್ ಎತ್ತರದ ಮರದ ಪೂಜಾಪೀಠವಿದೆ. ಗೋಥಿಕ್ ಶೈಲಿಯಲ್ಲಿ ಇಷ್ಟೆತ್ತರದ್ದು ಜಗತ್ತಿನಲ್ಲಿ ಬೇರೆ ಇಲ್ಲ. ಚರ್ಚಿಗೆ ಬೇಕೆಂದಾಗ ನುಗ್ಗುವಂತಿಲ್ಲ. ಮೊದಲೇ ಟಿಕೆಟ್ ಕೊಂಡು, ನಿಗದಿತ ಹೊತ್ತಿಗೆ ಗುಂಪಿನೊಂದಿಗೆ ಒಳಹೋಗಬೇಕು. ಊರಿಗೆ ಬಂದ ತಕ್ಷಣ ಮೊದಲು ಆ ಹೊತ್ತನ್ನು ಕೇಳಿಕೊಂಡು, ಉಳಿದ ಸಮಯದಲ್ಲಿ ಪುರಭವನ, ಅದರ ಪಕ್ಕದ ‘ನಾಚಿಕೆಯ ಪಂಜರ’ (ತಪ್ಪಿತಸ್ಥರನ್ನು ಊರೆದುರು ಕೂಡಿಹಾಕುತ್ತಿದ್ದ ಕಬ್ಬಿಣದ ಗೂಡು), ಪಟ್ಟಣದ ಸುತ್ತುಗೋಡೆ ನೋಡಬಹುದು. 1321ರಲ್ಲಿ ಈ ಊರಿಗೆ ಸಿಕ್ಕ ಹಕ್ಕಿನ ಪ್ರಕಾರ, ದಾರಿಹೋಕ ವರ್ತಕರು ಇಲ್ಲಿ ತಂಗಿ ಸರಕನ್ನು ಮಾರಾಟಕ್ಕೆ ಇಡಲೇಬೇಕಿತ್ತು. ಚೌಕದ ಸುತ್ತ ಸಾಲುಗಟ್ಟಿ ನಿಂತ ಮನೆಗಳ ಸಿರಿತನಕ್ಕೆ ಮೂಲ ಅದು.

ಕೊನೆಗೆ ಎರಡು ಎಚ್ಚರಿಕೆ. ಸ್ಲೊವಾಕಿಯಾ ಷೆಂಗೆನ್ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಕೂಟ) ದೇಶ, ನಡೆಯುವುದು ಯುರೊ. ವೀಸಾ ಅರ್ಜಿಯನ್ನು ಪ್ರವಾಸದಲ್ಲಿ ಹೆಚ್ಚು ದಿನ ಉಳಿಯುವ ದೇಶಕ್ಕೆ ಹಾಕಬೇಕು. ಎಲ್ಲ ಕಡೆ ಸಮ ದಿನಗಳಾದರೆ ಮೊದಲು ಕಾಲಿಡುವ ದೇಶಕ್ಕೆ. ಲೆವೊಚಾದ ಎರಡು ದಿನಕ್ಕಾಗಿ ಪ್ರತ್ಯೇಕ ವೀಸಾ ಬೇಕಿಲ್ಲ. ಎರಡನೆಯದು ದಿನಾಂಕದ್ದು. ಜುಲೈ ಮೊದಲ ವಾರಾಂತ್ಯದಲ್ಲಿ ಲೆವೊಚಾ ಪಕ್ಕದ ಮರಿಯಾನ್‌ಸ್ಕಾ ಹೋರಾ ಬೆಟ್ಟದಲ್ಲಿ ದೇಶದ ಅತಿ ದೊಡ್ಡ ಯಾತ್ರೆಗಳಲ್ಲಿ ಒಂದು ನಡೆಯುತ್ತದೆ. ಯಾತ್ರೆಯನ್ನೇ ನೋಡುವ ಆಸೆಯಿದ್ದರೆ ತಿಂಗಳುಗಳ ಮೊದಲೇ ಕೋಣೆ ಕಾದಿರಿಸಿ. ಇಲ್ಲದಿದ್ದರೆ ಆ ಮೂರು ದಿನ ಬಿಟ್ಟು ಹೋಗಿ.

– ಪತ್ರಿಕೆಯ ಓದುಗ